ಒಪ್ಪಿಗೆಯ ಮೇಲೆ ನಿಂತ ಕ್ರೌರ್ಯ: ರೋಮನ್ ಚಕ್ರವರ್ತಿಗಳು ಮತ್ತು ಅವರ ಸೆನೆಟ್



ಪ್ರಾಚೀನ ರೋಮಿನ ದೊರೆಗಳ ದಬ್ಬಾಳಿಕೆಯ ಬಗ್ಗೆ ಮಾತನಾಡಬೇಕೆಂದು ಕೇಳಿದಾಗ ನಾನು ಸಂತೋಷದಿಂದ ಒಪ್ಪಿದೆ. ಈ ವಿಷಯವನ್ನು ನಾವು ಬಹುಕಾಲದಿಂದ ಹುಚ್ಚರ ಕತೆಯಾಗಿ ಹೇಳಿಕೊಂಡು ಬಂದಿದ್ದೇವೆ. ಊರು ಉರಿಯುತ್ತಿದ್ದಾಗ ಪಿಟೀಲು ಬಾರಿಸಿದ ನೀರೋ, ಕುದುರೆಯನ್ನು ರೋಮಿನ ಅತ್ಯುನ್ನತ ಅಧಿಕಾರಿಯಾದ ಕಾನ್ಸಲ್ ಮಾಡಿದ ಕ್ಯಾಲಿಗುಲ. ಎರಡೂ ಹಾಗೆ ನಡೆದದ್ದಲ್ಲ. ಪಿಟೀಲು ಆ ಕಾಲದಲ್ಲಿ ಇರಲೇ ಇಲ್ಲ. ಕ್ರಿ.ಶ. 64ರ ಜುಲೈನಲ್ಲಿ ಬೆಂಕಿ ಹೊತ್ತಿಕೊಂಡಾಗ ನೀರೋ ಆಂಟಿಯಮ್ ಎಂಬ ಕಡಲೂರಿನಲ್ಲಿದ್ದ, ಸುದ್ದಿ ತಿಳಿದು ಹಿಂದಿರುಗಿ ಮನೆ ಕಳೆದುಕೊಂಡವರಿಗೆ ತನ್ನ ತೋಟಗಳನ್ನು ತೆರೆದುಕೊಟ್ಟ ಎಂದು ನೀರೋನನ್ನು ಕಂಡರಾಗದ ಇತಿಹಾಸಕಾರ ಟ್ಯಾಸಿಟಸ್ಸೇ ಬರೆದಿದ್ದಾನೆ. ಕುದುರೆಯ ವಿಷಯದಲ್ಲಿ ಚಕ್ರವರ್ತಿಗಳ ಜೀವನಚರಿತ್ರೆ ಬರೆದ ಸ್ವಿಟೋನಿಯಸ್ ಹೇಳುವುದು ಇಷ್ಟೇ: ಕ್ಯಾಲಿಗುಲನಿಗೆ ಅಂಥದೊಂದು ಯೋಚನೆ ಇತ್ತಂತೆ.

ಇಂಥ ಕತೆಗಳಿಂದ ಆಗುವ ದೊಡ್ಡ ಹಾನಿ ಬೇರೆ ಇದೆ. ಎಲ್ಲ ರಕ್ತವನ್ನೂ ಒಬ್ಬನ ತಲೆಗೆ ಹಚ್ಚಿ, ಅವನ ತಲೆಯೇ ಕೆಟ್ಟಿತ್ತು ಎಂದುಬಿಟ್ಟರೆ ಉಳಿದವರೆಲ್ಲ ಪಾರಾಗುತ್ತಾರೆ. ರೋಮಿನಲ್ಲಿ ಹೆಚ್ಚಿನ ಕೊಲೆಗಳು ಕಾನೂನಿನ ಪ್ರಕಾರ ನಡೆದವು. ದೂರು ಕೊಟ್ಟವನಿದ್ದ, ಸಾಕ್ಷಿ ಹೇಳಿದವನಿದ್ದ, ಮತ ಹಾಕಿದ ನೂರಾರು ಸೆನೆಟರ್‌ಗಳಿದ್ದರು, ಆಸ್ತಿಯಲ್ಲಿ ಪಾಲು ಪಡೆದವರಿದ್ದರು. ಇಂದು ನಾನು ಹೇಳಬೇಕೆಂದಿರುವುದು ಇವರ ಬಗ್ಗೆ. ಅದಕ್ಕೆ ಸರಿಯಾದ ಜಾಗ ಟೈಬೀರಿಯಸ್‌ನ ಆಳ್ವಿಕೆ, ಕ್ರಿ.ಶ. 14ರಿಂದ 37ರವರೆಗಿನ ಇಪ್ಪತ್ತಮೂರು ವರ್ಷ. ಅಲ್ಲಿಂದ ಮುಂದಿನವರತ್ತ ಸ್ವಲ್ಪ ಸ್ವಲ್ಪ ಹೋಗೋಣ.

ಚಕ್ರವರ್ತಿಗಳು ಬರುವ ಮೊದಲೇ ರೋಮ್ ಈ ಪಾಠ ಕಲಿತಿತ್ತು. ಕ್ರಿ.ಪೂ. 82ರಲ್ಲಿ ಅಂತರ್ಯುದ್ಧ ಗೆದ್ದ ಸುಲ್ಲಾ, ಕೊಲ್ಲಬೇಕಾದವರ ಹೆಸರುಗಳನ್ನು ಪಟ್ಟಿ ಮಾಡಿ ಫೋರಂ ಎಂಬ ಊರ ಚೌಕದಲ್ಲಿ ಹಾಕಿಸಿದ. ತಲೆ ತಂದವನಿಗೆ ಎರಡು ಟ್ಯಾಲೆಂಟ್ ಬೆಳ್ಳಿ. ಯಜಮಾನನ ತಲೆಯನ್ನು ಗುಲಾಮ ತಂದರೂ, ಅಪ್ಪನ ತಲೆಯನ್ನು ಮಗ ತಂದರೂ ಅದೇ ಇನಾಮು. ಕ್ರಿ.ಪೂ. 43ರಲ್ಲಿ ಆಂಟನಿ, ಆಕ್ಟೇವಿಯನ್, ಲೆಪಿಡಸ್ ಮೂವರೂ ಸೇರಿ ಮತ್ತೆ ಅದೇ ಪಟ್ಟಿ ಮಾಡಿದರು. ಆಂಟನಿ ತನ್ನ ಸೋದರಮಾವನ ಹೆಸರು ಬಿಟ್ಟುಕೊಟ್ಟ, ಲೆಪಿಡಸ್ ತನ್ನ ಅಣ್ಣನದನ್ನು, ಆಕ್ಟೇವಿಯನ್ ವಾಗ್ಮಿ ಸಿಸೆರೋನದನ್ನು. ಆ ಮಾವ, ಆ ಅಣ್ಣ ಹೇಗೋ ಬದುಕಿಕೊಂಡರು. ಸಿಸೆರೋನ ತಲೆ ಮತ್ತು ಕೈಗಳನ್ನು ಅವನು ಭಾಷಣ ಮಾಡುತ್ತಿದ್ದ ವೇದಿಕೆಯ ಮೇಲೆಯೇ ಇಟ್ಟರು. ಆ ಆಕ್ಟೇವಿಯನ್ನೇ ಮುಂದೆ ಅಗಸ್ಟಸ್ ಆದ, ನಲವತ್ತಕ್ಕೂ ಹೆಚ್ಚು ವರ್ಷ ಶಾಂತಿಯಿಂದ ಆಳಿದ, ದೇವರೂ ಆದ. ಟೈಬೀರಿಯಸ್ ಅವನ ಮಲಮಗ.

ಟೈಬೀರಿಯಸ್ ಪಟ್ಟಕ್ಕೆ ಬಂದಾಗ ಅವನಿಗೆ 54 ವರ್ಷ. ಜರ್ಮನಿಯ ಗಡಿಯಲ್ಲೂ ಬಾಲ್ಕನ್ ಸೀಮೆಯಲ್ಲೂ ದಂಡು ನಡೆಸಿದ, ಸೈನಿಕರ ಜೀವವನ್ನು ಸುಮ್ಮನೆ ಚೆಲ್ಲದ ದಂಡನಾಯಕ. ದುಂದು ಅವನಿಗೆ ಆಗದು. ಕ್ರಿ.ಶ. 17ರ ಭೂಕಂಪದಲ್ಲಿ ಏಷ್ಯಾ ಪ್ರಾಂತದ ಹನ್ನೆರಡು ನಗರಗಳು ಉರುಳಿದಾಗ, ಸಾರ್ಡಿಸ್ ಒಂದಕ್ಕೇ ಒಂದು ಕೋಟಿ ಸೆಸ್ಟರ್ಸ್ ಕೊಟ್ಟು ಐದು ವರ್ಷದ ಕಂದಾಯ ಮನ್ನಾ ಮಾಡಿದ. ತೆರಿಗೆ ಏರಿಸೋಣ ಎಂದು ಕೇಳಿದ ಪ್ರಾಂತಾಧಿಕಾರಿಗಳಿಗೆ, ಕುರಿಯ ಉಣ್ಣೆ ಕತ್ತರಿಸಬೇಕೇ ಹೊರತು ಚರ್ಮ ಸುಲಿಯಬಾರದು ಎಂದು ಬರೆದು ಕಳಿಸಿದ. ಸಾಯುವಾಗ ಬೊಕ್ಕಸದಲ್ಲಿ 270 ಕೋಟಿ ಸೆಸ್ಟರ್ಸ್ ಇತ್ತೆಂದು ಸ್ವಿಟೋನಿಯಸ್ ಲೆಕ್ಕ ಕೊಡುತ್ತಾನೆ. ಸಿರಿಯಾದ ಅಥವಾ ಸ್ಪೇನಿನ ಒಬ್ಬ ರೈತನನ್ನು ಕೇಳಿದ್ದರೆ ಒಳ್ಳೆಯ ದೊರೆ ಎಂದೇ ಹೇಳುತ್ತಿದ್ದನೇನೋ. ದಬ್ಬಾಳಿಕೆ ಮಾಡುವವನು ಎಲ್ಲದರಲ್ಲೂ ಕೆಟ್ಟವನಾಗಿರಲೇಬೇಕು ಎಂದು ನಂಬಿದವರಿಗೆ ಈ ಮನುಷ್ಯ ಅರ್ಥವಾಗುವುದಿಲ್ಲ.

ಅವನ ಕಾಲದಲ್ಲಿ ಜೀವಗಳನ್ನು ತಿಂದದ್ದು ಒಂದು ರಾಜದ್ರೋಹದ ಕಾನೂನು. ಅದು ಹಳೆಯದು. ಸೈನ್ಯವನ್ನು ಶತ್ರುವಿಗೆ ಒಪ್ಪಿಸಿದವನು, ಜನರನ್ನು ದಂಗೆಗೆ ಎಬ್ಬಿಸಿದವನು ಅದರ ಕೆಳಗೆ ಬರುತ್ತಿದ್ದರು. ಮಾಡಿದ ಕೃತ್ಯಕ್ಕೆ ಶಿಕ್ಷೆ ಇತ್ತು, ಆಡಿದ ಮಾತಿಗೆ ಇರಲಿಲ್ಲ. ಬರಹವನ್ನೂ ಅದರೊಳಗೆ ಸೇರಿಸಿದವನು ಅಗಸ್ಟಸ್. ಟೈಬೀರಿಯಸ್ ಬಂದ ಹೊಸದರಲ್ಲಿ, ಈ ಕಾನೂನಿನ ಮೊಕದ್ದಮೆಗಳನ್ನು ನಡೆಸುವುದೋ ಬಿಡುವುದೋ ಎಂದು ನ್ಯಾಯಾಧಿಕಾರಿಯೊಬ್ಬ ಕೇಳಿದ. ಕಾನೂನುಗಳು ಜಾರಿಯಾಗಲೇಬೇಕು ಎಂದು ಉತ್ತರ ಬಂತು. ಅಷ್ಟೇ ಸಾಕಾಯಿತು.

ಏಕೆ ಸಾಕಾಯಿತು ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ರೋಮಿನಲ್ಲಿ ಸರಕಾರಿ ವಕೀಲ ಇರಲಿಲ್ಲ, ನಮ್ಮಂಥ ಪೊಲೀಸ್ ತನಿಖೆಯೂ ಇರಲಿಲ್ಲ. ಯಾವ ಪ್ರಜೆಯಾದರೂ ಇನ್ನೊಬ್ಬನ ಮೇಲೆ ಮೊಕದ್ದಮೆ ಹೂಡಬಹುದಿತ್ತು. ಆರೋಪ ಸಾಬೀತಾದರೆ ಅಪರಾಧಿಯ ಆಸ್ತಿ ಮುಟ್ಟುಗೋಲಾಗಿ, ಅದರಲ್ಲಿ ನಾಲ್ಕನೇ ಒಂದು ಪಾಲು ದೂರು ಕೊಟ್ಟವನಿಗೆ ಸಲ್ಲುತ್ತಿತ್ತು. ಕುಲವಿಲ್ಲದ, ಹಣವಿಲ್ಲದ, ಮಾತು ಬಲ್ಲ ಒಬ್ಬ ತರುಣನಿಗೆ ಮೇಲೇರಲು ಇದಕ್ಕಿಂತ ಹತ್ತಿರದ ದಾರಿ ಇರಲಿಲ್ಲ. ಚಾಡಿ ಹೇಳುವುದು ಒಂದು ವೃತ್ತಿಯಾಯಿತು. ಕ್ರಿ.ಶ. 24ರಲ್ಲಿ ಒಬ್ಬ ಆರೋಪಿ ತೀರ್ಪಿಗೆ ಮೊದಲೇ ಆತ್ಮಹತ್ಯೆ ಮಾಡಿಕೊಂಡಾಗ, ಅಂಥ ಸಂದರ್ಭಗಳಲ್ಲಾದರೂ ದೂರುಗಾರರಿಗೆ ಪಾಲು ಕೊಡುವುದು ಬೇಡ ಎಂದು ಸೆನೆಟ್‌ನಲ್ಲಿ ಸೂಚನೆ ಬಂತು. ಬಹುಮಂದಿ ಒಪ್ಪುವುದರಲ್ಲಿದ್ದರು. ಟೈಬೀರಿಯಸ್ ಎದ್ದು ವಿರೋಧಿಸಿದ: ಕಾನೂನಿನ ಕಾವಲುಗಾರರನ್ನು ತೆಗೆಯುವುದಾದರೆ ಕಾನೂನನ್ನೇ ತೆಗೆದುಹಾಕಿ ಎಂದ. ಅವನ ಮೇಲೆ ನಾನು ಹೊರಿಸುವ ಮೊದಲ ಆರೋಪ ಇದು. ದೂರುಗಾರರನ್ನು ಹುಟ್ಟಿಸಿದವನು ಅವನಲ್ಲ. ಆದರೆ ಅವರಿಗೆ ಸಿಗುವ ಸಂಬಳವನ್ನು ತಿಳಿದೂ ತಿಳಿದೂ ಉಳಿಸಿದ.

ಇನ್ನು ಸೆನೆಟ್. ಕ್ರಿ.ಶ. 21ರಲ್ಲಿ ಕ್ಲುಟೋರಿಯಸ್ ಪ್ರಿಸ್ಕಸ್ ಎಂಬ ಕವಿಯ ಪ್ರಕರಣ ನಡೆಯಿತು. ಟೈಬೀರಿಯಸ್‌ನ ದತ್ತುಮಗ ಜರ್ಮಾನಿಕಸ್ ಸತ್ತಾಗ ಇವನು ಒಂದು ಶೋಕಗೀತೆ ಬರೆದು ಚಕ್ರವರ್ತಿಯಿಂದ ಹಣ ಪಡೆದಿದ್ದ. ಮುಂದೆ ಟೈಬೀರಿಯಸ್‌ನ ಮಗ ಡ್ರೂಸಸ್ ಕಾಯಿಲೆ ಬಿದ್ದಾಗ, ಅವನು ಸತ್ತರೆ ಇರಲಿ ಎಂದು ಇನ್ನೊಂದನ್ನು ಮೊದಲೇ ಬರೆದಿಟ್ಟ. ಡ್ರೂಸಸ್ ಗುಣವಾದ. ಕವಿ ಒಂದು ಮನೆಯಲ್ಲಿ ಹೆಂಗಸರ ಮುಂದೆ ಜಂಬದಿಂದ ಆ ಪದ್ಯ ಓದಿದ. ದೂರು ಹೋಯಿತು. ಟೈಬೀರಿಯಸ್ ಆಗ ರೋಮಿನಲ್ಲಿ ಇರಲಿಲ್ಲ, ಅವನಿಂದ ಆಜ್ಞೆಯೂ ಬಂದಿರಲಿಲ್ಲ. ಸೆನೆಟ್ ತಾನಾಗಿ ಮರಣದಂಡನೆ ವಿಧಿಸಿ ಕೂಡಲೇ ಕೊಲ್ಲಿಸಿತು. ಇದು ಹುಚ್ಚು ಮಾತೇ ಹೊರತು ಅಪರಾಧವಲ್ಲ, ಗಡಿಪಾರು ಮಾಡಿದರೆ ಸಾಕು ಎಂದು ಮಾರ್ಕಸ್ ಲೆಪಿಡಸ್ ಎಂಬ ಸೆನೆಟರ್ ವಾದಿಸಿದಾಗ ಅವನ ಜೊತೆ ನಿಂತವನು ಒಬ್ಬನೇ ಒಬ್ಬ. ಆಮೇಲೆ ಚಕ್ರವರ್ತಿಯ ಕಾಗದ ಬಂತು: ಬರಿಯ ಮಾತಿಗೆ ಇಷ್ಟು ಆತುರದ ಶಿಕ್ಷೆ ಏಕೆ, ಲೆಪಿಡಸ್ ಹೇಳಿದ್ದು ಮೆಚ್ಚಬೇಕಾದ್ದು ಎಂದು. ಆಗ ಸೆನೆಟ್ ಮಾಡಿದ್ದೇನು? ಇನ್ನು ಮುಂದೆ ತನ್ನ ನಿರ್ಣಯ ಹತ್ತನೇ ದಿನಕ್ಕೆ ಮೊದಲು ಖಜಾನೆಯ ದಾಖಲೆಗೆ ಹೋಗಕೂಡದು, ಅಲ್ಲಿಯವರೆಗೆ ಅಪರಾಧಿ ಬದುಕಿರಬಹುದು ಎಂದು ಗೊತ್ತುಮಾಡಿತು. ನಿರ್ಣಯವನ್ನು ಬದಲಿಸುವ ಧೈರ್ಯ ಆ ದಿನಗಳಲ್ಲಿ ಯಾರಿಗೂ ಬರಲಿಲ್ಲ.

ಈ ಪ್ರಕರಣದ ಮೇಲೆ ನಾನು ಇಷ್ಟು ನಿಲ್ಲುವುದು ಬೇಕೆಂದೇ. ದೊರೆಯ ಬಾಯಿಂದ ಮಾತು ಹೊರಡುವ ಮೊದಲೇ ಅವನಿಗೆ ಏನು ಇಷ್ಟವಾದೀತೆಂದು ಊಹಿಸಿ ಒಂದು ಜೀವ ತೆಗೆದರು. ಆ ಊಹೆಯೂ ತಪ್ಪಾಗಿತ್ತು.

ಮನೆಗಳ ಊಟದ ಕೋಣೆಗೂ ಈ ಭಯ ಬಂತು; ಅದಕ್ಕೆ ಒಂದು ನಾಣ್ಯ, ಒಂದು ಉಂಗುರವೇ ಸಾಕಿತ್ತು. ಚಿತ್ರದುರ್ಗದ ಚಂದ್ರವಳ್ಳಿಯ ಉತ್ಖನನದಲ್ಲಿ, ಬೆಂಗಳೂರಿನ ಯಶವಂತಪುರದ ಬಳಿ ಸಿಕ್ಕ ನಿಧಿಯಲ್ಲಿ ಟೈಬೀರಿಯಸ್‌ನ ಬೆಳ್ಳಿ ನಾಣ್ಯಗಳಿವೆ. ಮೆಣಸಿಗೋ ಬಟ್ಟೆಗೋ ಬೆಲೆಯಾಗಿ ಕಡಲು ದಾಟಿ ಬಂದವು. ನಮ್ಮ ನೆಲದಲ್ಲಿ ಆ ಮುಖ ಬರಿಯ ಬೆಳ್ಳಿಯ ತೂಕ. ರೋಮಿನಲ್ಲಿ ಚಕ್ರವರ್ತಿಯ ಮುಖವಿದ್ದ ನಾಣ್ಯ ಅಥವಾ ಉಂಗುರವನ್ನು ಪಾಯಿಖಾನೆಗೆ ಒಯ್ದರೂ ಪ್ರಾಣಕ್ಕೆ ಬರುವ ಆರೋಪವಾಗಬಹುದಿತ್ತು. ಆ ಕಾಲದಲ್ಲೇ ಬದುಕಿದ್ದ ತತ್ವಜ್ಞಾನಿ ಸೆನೆಕಾ ಒಂದು ಘಟನೆ ಹೇಳುತ್ತಾನೆ. ಪಾಲಸ್ ಎಂಬ ಮಾಜಿ ಅಧಿಕಾರಿ ಔತಣದಲ್ಲಿ ಕುಡಿದಿದ್ದ. ಕೈಯಲ್ಲಿ ಟೈಬೀರಿಯಸ್‌ನ ಮುಖ ಕೆತ್ತಿದ ಉಂಗುರ. ಮೂತ್ರದ ಪಾತ್ರೆಯನ್ನು ಕೈಗೆ ತೆಗೆದುಕೊಂಡ. ಅಲ್ಲೇ ಕೂತಿದ್ದ ಮಾರೋ ಎಂಬ ಚಾಡಿಕೋರ ಅದನ್ನು ಗಮನಿಸಿದ. ಅವನು ಗಮನಿಸಿದ್ದನ್ನು ಪಾಲಸ್‌ನ ಗುಲಾಮನೊಬ್ಬ ಗಮನಿಸಿದ. ಯಜಮಾನನ ಬೆರಳಿನಿಂದ ಉಂಗುರ ಕಳಚಿ ತನ್ನ ಬೆರಳಿಗೆ ಹಾಕಿಕೊಂಡ. ನೋಡಿ, ನೀವೆಲ್ಲ ಸಾಕ್ಷಿ ಎಂದು ಮಾರೋ ಕೂಗುವ ಹೊತ್ತಿಗೆ ಗುಲಾಮ ತನ್ನ ಕೈ ಎತ್ತಿ ತೋರಿಸಿದ. ಹೆಸರೂ ಉಳಿಯದ ಆ ಗುಲಾಮನ ಬಗ್ಗೆ ನನಗೆ ಅಪಾರ ಗೌರವವಿದೆ. ಗುಲಾಮರಿಗೆ ರೋಮ್ ಏನು ಕೊಟ್ಟಿತು ಎಂಬುದನ್ನು ಮುಂದೆ ಹೇಳುತ್ತೇನೆ.

ಕ್ರಿ.ಶ. 25ರಲ್ಲಿ ಕ್ರೆಮುಶಿಯಸ್ ಕಾರ್ಡಸ್ ಎಂಬ ಇತಿಹಾಸಕಾರನ ವಿಚಾರಣೆ ಆಯಿತು. ಸೀಸರ್‌ನನ್ನು ಕೊಂದ ಬ್ರೂಟಸ್‌ನನ್ನು ಹೊಗಳಿದ್ದು, ಕ್ಯಾಸಿಯಸ್‌ನನ್ನು ಕೊನೆಯ ರೋಮನ್ ಎಂದು ಕರೆದದ್ದು ಅವನ ಅಪರಾಧ. ಅವರು ಸತ್ತು ಆಗಲೇ ಅರವತ್ತಕ್ಕೂ ಹೆಚ್ಚು ವರ್ಷವಾಗಿತ್ತು. ಕಾರ್ಡಸ್ ಮನೆಗೆ ಹೋಗಿ ಉಪವಾಸ ಮಾಡಿ ಪ್ರಾಣ ಬಿಟ್ಟ. ಪುಸ್ತಕಗಳನ್ನು ಸುಡಬೇಕೆಂದು ಸೆನೆಟ್ ಆಜ್ಞೆ ಮಾಡಿತು. ಅವನ ಮಗಳು ಮಾರ್ಸಿಯಾ ಪ್ರತಿಗಳನ್ನು ಬಚ್ಚಿಟ್ಟು ಉಳಿಸಿದಳು. ಮುಂದೆ ಕ್ಯಾಲಿಗುಲನ ಕಾಲದಲ್ಲಿ ಅವು ಮತ್ತೆ ಹೊರಬಂದವು.

ಈ ಹೊತ್ತಿಗೆ ಕಾವಲು ಪಡೆಯ ಮುಖ್ಯಸ್ಥ ಸೆಜಾನಸ್ ರೋಮಿನ ಎರಡನೇ ದೊರೆಯಾಗಿದ್ದ. ಕ್ರಿ.ಶ. 26ರಲ್ಲಿ ಟೈಬೀರಿಯಸ್ ಊರು ಬಿಟ್ಟು ಮರುವರ್ಷ ಕ್ಯಾಪ್ರಿ ದ್ವೀಪ ಸೇರಿದ. ಮತ್ತೆ ರೋಮಿನೊಳಗೆ ಕಾಲಿಡಲಿಲ್ಲ. ಆ ದ್ವೀಪದಲ್ಲಿ ಅವನು ನಡೆಸಿದನೆನ್ನುವ ವಿಲಾಸಗಳ ಕತೆಗಳು ಸ್ವಿಟೋನಿಯಸ್‌ನಲ್ಲಿ ಧಾರಾಳವಾಗಿವೆ. ನಾನು ಅವನ್ನು ಬದಿಗಿಡುತ್ತೇನೆ. ಶತಮಾನದ ಬಳಿಕ ಬರೆದ ಆ ಪಿಸುಮಾತುಗಳಿಗೆ ಸಾಕ್ಷಿಯಿಲ್ಲ. ಸೆನೆಟ್‌ನ ಮುಂದೆ ನಡೆದ ವಿಚಾರಣೆಗಳು ಬೇರೆ. ಟ್ಯಾಸಿಟಸ್ ಸ್ವತಃ ಸೆನೆಟರ್, ಸಭೆಯ ದಾಖಲೆಗಳನ್ನು ನೋಡಬಲ್ಲವನಾಗಿದ್ದ. ಟೈಬೀರಿಯಸ್‌ನ ಮೇಲೆ ಅವನಿಗೆ ದ್ವೇಷವಿತ್ತೆಂದು ಒಪ್ಪಿಕೊಂಡರೂ ಹೆಸರು, ತಾರೀಕು, ಆರೋಪ, ಮತ ಇವನ್ನು ಅವನು ಕಟ್ಟಿದನೆಂದು ಹೇಳಲಾಗದು.

ಅವನು ದಾಖಲಿಸಿದ ಘಟನೆಗಳಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಟಿಟಿಯಸ್ ಸಬೈನಸ್‌ನದು. ಜರ್ಮಾನಿಕಸ್ ಸತ್ತ ಮೇಲೆ ಆ ಮನೆಯ ಬಾಗಿಲಿಗೆ ಹೋಗುವುದನ್ನು ಎಲ್ಲರೂ ಬಿಟ್ಟಿದ್ದರು. ವಿಧವೆ ಅಗ್ರಿಪಿನಾಳನ್ನೂ ಮಕ್ಕಳನ್ನೂ ವಿಚಾರಿಸಿಕೊಂಡು ಬರುತ್ತಿದ್ದವನು ಇವನೊಬ್ಬ. ಅಗ್ರಿಪಿನಾ ಸೆಜಾನಸ್‌ಗೆ ಶತ್ರು. ಕಾನ್ಸಲ್ ಪದವಿ ಬೇಕಾಗಿದ್ದ ನಾಲ್ವರು ಮಾಜಿ ಅಧಿಕಾರಿಗಳು ಒಂದು ಉಪಾಯ ಹೂಡಿದರು. ಆ ಪದವಿಗೆ ಸೆಜಾನಸ್‌ನ ಕೃಪೆ ಬೇಕಿತ್ತು. ಅವರಲ್ಲೊಬ್ಬ ಲ್ಯಾಟಿಯಾರಿಸ್, ಸಬೈನಸ್‌ನ ಪರಿಚಯದವನು. ಸ್ನೇಹ ಬೆಳೆಸಿದ, ಅವನ ನಿಷ್ಠೆಯನ್ನು ಹೊಗಳಿದ, ಅಗ್ರಿಪಿನಾಳ ಕಷ್ಟಕ್ಕೆ ಮರುಗಿದ. ಸಬೈನಸ್ ಕಣ್ಣೀರಿಟ್ಟು ಎದೆಯ ಭಾರ ಇಳಿಸಿಕೊಂಡ. ಒಂದು ದಿನ ಅವನನ್ನು ತನ್ನ ಮಲಗುವ ಕೋಣೆಗೆ ಕರೆದೊಯ್ದು ಮಾತಿಗೆಳೆದ. ಉಳಿದ ಮೂವರು ಸೆನೆಟರ್‌ಗಳು ಸೂರಿಗೂ ಒಳಮಾಳಿಗೆಗೂ ನಡುವಿನ ಸಂದಿಯಲ್ಲಿ ಅಡಗಿ, ಬಿರುಕುಗಳಿಗೆ ಕಿವಿಯಿಟ್ಟು ಕೇಳಿಸಿಕೊಂಡರು. ಕೂಡಲೇ ಚಕ್ರವರ್ತಿಗೆ ಕಾಗದ ಬರೆದರು, ತಾವು ಹೇಗೆ ಅಡಗಿದ್ದೆವೆಂಬುದನ್ನೂ ಸೇರಿಸಿ. ಕ್ರಿ.ಶ. 28ರ ಜನವರಿ 1, ಹೊಸ ವರ್ಷದ ಹರಕೆಯ ದಿನ, ಟೈಬೀರಿಯಸ್‌ನ ಕಾಗದವನ್ನು ಸೆನೆಟ್‌ನಲ್ಲಿ ಓದಲಾಯಿತು. ಅಂದೇ ತೀರ್ಪು, ಅಂದೇ ಮರಣ. ತಲೆಗೆ ಬಟ್ಟೆ ಮುಚ್ಚಿ, ಕೊರಳಿಗೆ ಹಗ್ಗ ಬಿಗಿದು ಎಳೆದೊಯ್ಯುವಾಗ ಅವನು ನೋಡಿದ ದಿಕ್ಕಿನಲ್ಲಿದ್ದ ಜನರೆಲ್ಲ ಓಡಿದರು. ಓಡಿದ್ದೂ ತಪ್ಪಾದೀತೆಂಬ ಭಯಕ್ಕೆ ಕೆಲವರು ಮರಳಿ ಬಂದು ನಿಂತರು. ಆಮೇಲೆ ಊರಿನಲ್ಲಿ ಹತ್ತಿರದ ನೆಂಟರೊಡನೆಯೂ ಮಾತು ನಿಂತಿತು, ಜನ ಗೋಡೆ ಸೂರುಗಳನ್ನು ದಿಟ್ಟಿಸಿ ನೋಡತೊಡಗಿದರು. ಶವವನ್ನು, ಕೊಂದವರ ಹೆಣ ಎಸೆಯುತ್ತಿದ್ದ ಜೆಮೋನಿಯ ಮೆಟ್ಟಿಲುಗಳ ಮೇಲೆ ಎಸೆದಾಗ ಒಂದು ನಾಯಿ ಅದನ್ನು ಬಿಟ್ಟು ಹೋಗಲಿಲ್ಲ, ಯಾರೋ ಎಸೆದ ತುತ್ತನ್ನು ಸತ್ತವನ ಬಾಯಿಗೆ ಒಯ್ದಿತು ಎಂದು ಆ ಶತಮಾನದ ಬರಹಗಾರ ಪ್ಲಿನಿ ಬರೆದಿದ್ದಾನೆ.

ಅದೇ ವರ್ಷ ಸೆನೆಟ್ ಕರುಣೆಗೆ ಒಂದು, ಸ್ನೇಹಕ್ಕೆ ಒಂದು ಬಲಿಪೀಠ ಕಟ್ಟಿಸಿ, ಬದಿಯಲ್ಲಿ ಟೈಬೀರಿಯಸ್ ಮತ್ತು ಸೆಜಾನಸ್‌ರ ಪ್ರತಿಮೆ ನಿಲ್ಲಿಸಲು ನಿರ್ಣಯ ಮಾಡಿತು.

ಸೆಜಾನಸ್‌ನ ಸರದಿ ಕ್ರಿ.ಶ. 31ರ ಅಕ್ಟೋಬರ್ 18ರಂದು ಬಂತು. ಪ್ಯಾಲಟೈನ್ ಗುಡ್ಡದ ಅಪೋಲೋ ಗುಡಿಯಲ್ಲಿ ಸಭೆ. ಹೊಸ ಅಧಿಕಾರ ಸಿಗುತ್ತದೆಂದು ನಂಬಿ ಅವನು ಬಂದು ಕೂತ, ಸುತ್ತಲೂ ಜಯಘೋಷ. ಕ್ಯಾಪ್ರಿಯಿಂದ ಬಂದ ಉದ್ದನೆಯ ಕಾಗದವನ್ನು ಓದುತ್ತ ಹೋದಂತೆ ದನಿ ಬದಲಾಯಿತು. ಪಕ್ಕದಲ್ಲಿ ಕೂತಿದ್ದವರು ಒಬ್ಬೊಬ್ಬರೇ ಎದ್ದು ದೂರ ಸರಿದರು. ಸಂಜೆಯೊಳಗೆ ಅವನು ಸತ್ತಿದ್ದ, ಜನ ಅವನ ಪ್ರತಿಮೆಗಳನ್ನು ಉರುಳಿಸುತ್ತಿದ್ದರು. ಅವನಿಗಾಗಿ ನಾನು ಮರುಗಲಾರೆ. ಆದರೆ ಅವನಿಗೆ ಮಕ್ಕಳಿದ್ದರು. ಜನರ ಸಿಟ್ಟು ಇಳಿಯುತ್ತಿದ್ದರೂ ಉಳಿದ ಮಕ್ಕಳನ್ನೂ ಕೊಲ್ಲಬೇಕೆಂದು ತೀರ್ಮಾನವಾಯಿತು. ಹುಡುಗನಿಗೆ ಏನಾಗಲಿದೆಯೆಂದು ಗೊತ್ತಿತ್ತು. ಚಿಕ್ಕ ಹುಡುಗಿಗೆ ತಿಳಿಯಲಿಲ್ಲ. ನಾನೇನು ತಪ್ಪು ಮಾಡಿದೆ, ಎಲ್ಲಿಗೆ ಎಳೆದುಕೊಂಡು ಹೋಗುತ್ತಿದ್ದೀರಿ, ಇನ್ನೊಮ್ಮೆ ಮಾಡುವುದಿಲ್ಲ, ಮಕ್ಕಳಿಗೆ ಹೊಡೆಯುವಂತೆ ಹೊಡೆದು ಬಿಟ್ಟುಬಿಡಿ ಎಂದು ಕೇಳುತ್ತಲೇ ಹೋದಳು. ಕನ್ಯೆಗೆ ಮರಣದಂಡನೆ ಕೊಟ್ಟ ಪದ್ಧತಿ ಇರಲಿಲ್ಲ. ಆದ್ದರಿಂದ ಕೊರಳಿಗೆ ಕುಣಿಕೆ ಹಾಕುವ ಮೊದಲು ಕಟುಕನು ಅವಳ ಮೇಲೆ ಅತ್ಯಾಚಾರ ಮಾಡಿದನೆಂದು ಆ ಕಾಲದ ಬರಹಗಾರರು ಹೇಳಿದ್ದಾಗಿ ಟ್ಯಾಸಿಟಸ್ ಬರೆಯುತ್ತಾನೆ. ರೋಮಿನ ಇತಿಹಾಸದಲ್ಲಿ ಇದಕ್ಕಿಂತ ದೊಡ್ಡ ಸಂಖ್ಯೆಯ ಕೊಲೆಗಳಿವೆ. ಆದರೆ ಒಂದು ಸಂಪ್ರದಾಯಕ್ಕೆ ಭಂಗ ಬರಬಾರದೆಂದು ಒಂದು ಮಗುವಿಗೆ ಹೀಗೆ ಮಾಡಿದ ಮನಸ್ಸನ್ನು ಯಾವ ದೊರೆಯ ಹುಚ್ಚಿನಿಂದ ವಿವರಿಸೋಣ?

ಅಳುವುದೂ ಅಪರಾಧವಾಯಿತು. ಕ್ರಿ.ಶ. 32ರಲ್ಲಿ ವಿಟಿಯಾ ಎಂಬ ಮುದುಕಿಯನ್ನು ಕೊಂದರು; ಮಗ ಫುಫಿಯಸ್ ಜೆಮಿನಸ್‌ನ ಸಾವಿಗೆ ಅತ್ತದ್ದೇ ಅವಳ ಅಪರಾಧ. ಟ್ಯಾಸಿಟಸ್ ಇದನ್ನು ಬಣ್ಣ ಕಟ್ಟಿ ಹೇಳಿದ್ದಾನೆಂದು ಅನುಮಾನಿಸುವವರಿಗೆ ಇನ್ನೊಂದು ಸಾಕ್ಷಿ ಇದೆ. ದಕ್ಷಿಣ ಸ್ಪೇನಿನಲ್ಲಿ ಸಿಕ್ಕಿ 1996ರಲ್ಲಿ ಪ್ರಕಟವಾದ ಕಂಚಿನ ಫಲಕಗಳಲ್ಲಿ, ಜರ್ಮಾನಿಕಸ್‌ನ ಸಾವಿನ ಸಂಬಂಧ ಆರೋಪಿಯಾಗಿ ಆತ್ಮಹತ್ಯೆ ಮಾಡಿಕೊಂಡ ಪೀಸೋ ಎಂಬವನ ಬಗ್ಗೆ ಕ್ರಿ.ಶ. 20ರ ಡಿಸೆಂಬರ್ 10ರಂದು ಸೆನೆಟ್ ಮಾಡಿದ ನಿರ್ಣಯ ಪೂರ್ತಿ ಇದೆ. ಅವನ ಮನೆಯ ಹೆಂಗಸರು ಅವನಿಗಾಗಿ ಶೋಕ ಆಚರಿಸಬಾರದು, ಪ್ರತಿಮೆಗಳು ಎಲ್ಲಿದ್ದರೂ ತೆಗೆಯಬೇಕು ಎಂದು ಅದು ವಿಧಿಸುತ್ತದೆ. ಚಕ್ರವರ್ತಿಯನ್ನೂ ಅವನ ತಾಯಿಯನ್ನೂ ಮನೆಮಂದಿಯನ್ನೂ ಒಬ್ಬೊಬ್ಬರಾಗಿ ಹೊಗಳುತ್ತದೆ. ಈ ನಿರ್ಣಯವನ್ನು ಪ್ರತಿ ಪ್ರಾಂತದ ಅತಿ ಜನನಿಬಿಡ ನಗರದಲ್ಲಿ, ಪ್ರತಿ ಸೈನ್ಯದ ಶಿಬಿರದಲ್ಲಿ ಹಾಕಿಸಬೇಕೆಂದು ಅಪ್ಪಣೆ ಮಾಡುತ್ತದೆ. ಯಾವ ಇತಿಹಾಸಕಾರನ ಕೈವಾಡವೂ ಇಲ್ಲದೆ, ಸೆನೆಟ್‌ನ ಸ್ವಂತ ದನಿಯೇ ನಮಗೆ ಇಲ್ಲಿ ಕೇಳುತ್ತದೆ.

ಇದರ ನಡುವೆ ತಲೆ ಎತ್ತಿ ನಿಂತವರಿರಲಿಲ್ಲವೇ? ಇದ್ದರು. ಸೆಜಾನಸ್‌ನ ಸ್ನೇಹಿತರೆಲ್ಲ ಆ ಸ್ನೇಹವನ್ನು ಅಲ್ಲಗಳೆಯುತ್ತಿದ್ದಾಗ, ಕ್ರಿ.ಶ. 32ರಲ್ಲಿ ಮಾರ್ಕಸ್ ಟೆರೆಂಷಿಯಸ್ ಎಂಬವನು ಸೆನೆಟ್‌ನ ಮುಂದೆ ಹೌದು ಎಂದ. ಚಕ್ರವರ್ತಿ ಯಾರನ್ನು ಮೇಲಕ್ಕೆತ್ತಿದನೋ ಅವನನ್ನು ನಾವು ಗೌರವಿಸಿದೆವು, ಅವನ ಮನೆಯ ಕಾವಲುಗಾರನ ಪರಿಚಯವಾದರೂ ಹೆಮ್ಮೆಪಟ್ಟೆವು, ನೀವೂ ಹಾಗೇ ಮಾಡಿದಿರಿ ಎಂದ. ಎಲ್ಲರ ಮನಸ್ಸಿನಲ್ಲಿದ್ದುದನ್ನು ಒಬ್ಬ ಹೇಳಿದ್ದ. ಅವನು ಬಿಡುಗಡೆಯಾದ, ದೂರು ಕೊಟ್ಟವರಿಗೇ ಶಿಕ್ಷೆಯಾಯಿತು. ಮರುವರ್ಷವೇ, ಕ್ರಿ.ಶ. 33ರಲ್ಲಿ, ಸೆಜಾನಸ್‌ನ ಜೊತೆಗಾರರೆಂದು ಸೆರೆಯಲ್ಲಿದ್ದವರನ್ನೆಲ್ಲ ಒಟ್ಟಿಗೆ ಕೊಲ್ಲಿಸಿದ ಆಜ್ಞೆ ಮಾತ್ರ ಟೈಬೀರಿಯಸ್‌ನದೇ. ನೆಂಟರು ಹತ್ತಿರ ಬರುವಂತಿಲ್ಲ, ಅಳುವಂತಿಲ್ಲ. ಅದರಿಂದ ಅವನನ್ನು ಯಾರೂ ಬಿಡಿಸಲಾರರು.

ಕ್ಯಾಲಿಗುಲ ಕ್ರಿ.ಶ. 37ರಲ್ಲಿ ಬಂದಾಗ ಊರು ಹಬ್ಬ ಮಾಡಿತು. ತನ್ನ ತಾಯಿ ಅಗ್ರಿಪಿನಾ ಮತ್ತು ಅಣ್ಣಂದಿರ ಮೊಕದ್ದಮೆಯ ಕಾಗದಗಳನ್ನು ಓದಿಲ್ಲವೆಂದು ಆಣೆಯಿಟ್ಟು ಫೋರಂನಲ್ಲಿ ಸುಟ್ಟ. ಸುಟ್ಟದ್ದು ನಕಲು, ಮೂಲ ಅವನ ಹತ್ತಿರವೇ ಇತ್ತು ಎಂದು ಇತಿಹಾಸಕಾರ ಕ್ಯಾಸಿಯಸ್ ಡಿಯೊ ಬರೆಯುತ್ತಾನೆ. ಎರಡು ವರ್ಷದ ಬಳಿಕ, ಕ್ರಿ.ಶ. 39ರಲ್ಲಿ, ಸೆನೆಟ್‌ಗೆ ಬಂದು ಆ ಕಾಗದಗಳನ್ನು ಓದಿಸಿದ. ಯಾರು ಯಾರ ಮೇಲೆ ದೂರು ಕೊಟ್ಟರು, ಯಾರು ಸಾಕ್ಷಿ ಹೇಳಿದರು, ಹೇಗೆ ಎಲ್ಲರೂ ಮತ ಹಾಕಿದರು ಎಂಬುದೆಲ್ಲ ಹೊರಬಂತು. ನೀವು ಟೈಬೀರಿಯಸ್‌ನನ್ನು ಬಯ್ಯುತ್ತೀರಿ, ಕೊಂದವರು ನೀವು ಎಂದ. ರಾಜದ್ರೋಹದ ಮೊಕದ್ದಮೆಗಳು ಮತ್ತೆ ಶುರುವಾಗುತ್ತವೆ ಎಂದು ಸಾರಿ, ಭಾಷಣವನ್ನು ಕಂಚಿನಲ್ಲಿ ಬರೆಸಲು ಹೇಳಿ ಹೊರಟುಹೋದ. ಮರುದಿನ ಸಭೆ ಸೇರಿತು. ತಮ್ಮನ್ನು ಬದುಕಲು ಬಿಟ್ಟದ್ದಕ್ಕಾಗಿ ಅವನ ಕರುಣೆಗೆ ಪ್ರತಿವರ್ಷ ಬಲಿ ಅರ್ಪಿಸಬೇಕೆಂದು ನಿರ್ಣಯಿಸಿತು. ಕ್ಯಾಲಿಗುಲ ಕ್ರೂರಿ, ಅದರಲ್ಲಿ ನನಗೆ ಸಂಶಯವಿಲ್ಲ. ಆದರೆ ಆ ದಿನ ಅವನು ಓದಿಸಿದ ಕಾಗದಗಳು ಸುಳ್ಳಾಗಿರಲಿಲ್ಲ.

ಈಗ ಗುಲಾಮರ ವಿಷಯ. ಕ್ರಿ.ಶ. 61, ನೀರೋನ ಕಾಲ. ರೋಮ್ ನಗರದ ಆಡಳಿತಾಧಿಕಾರಿ ಪೆಡಾನಿಯಸ್ ಸೆಕುಂಡಸ್‌ನನ್ನು ಅವನ ಗುಲಾಮನೊಬ್ಬ ಕೊಂದ. ಬಿಡುಗಡೆಗೆ ಬೆಲೆ ಒಪ್ಪಿಕೊಂಡು ಯಜಮಾನ ಮಾತು ತಪ್ಪಿದನೆಂಬುದು ಹೇಳಿದ ಕಾರಣಗಳಲ್ಲೊಂದು. ಯಜಮಾನನನ್ನು ಒಬ್ಬ ಗುಲಾಮ ಕೊಂದರೆ ಅದೇ ಸೂರಿನಡಿ ಇದ್ದ ಎಲ್ಲ ಗುಲಾಮರೂ ಸಾಯಬೇಕೆಂಬುದು ಹಳೆಯ ನಿಯಮ. ಆ ಮನೆಯಲ್ಲಿ 400 ಜನರಿದ್ದರು. ಹೆಂಗಸರು, ಮಕ್ಕಳು, ಏನೂ ಅರಿಯದವರು. ರೋಮಿನ ಬಡ ಜನ ಬೀದಿಗೆ ಬಂದು ತಡೆದರು. ಸೆನೆಟ್‌ನಲ್ಲಿ ಗೇಯಸ್ ಕ್ಯಾಸಿಯಸ್ ಎದ್ದು ಮಾತನಾಡಿದ. ಆ ಕಾಲದ ಅತಿ ದೊಡ್ಡ ಕಾನೂನು ಪಂಡಿತ, ಸ್ವತಃ ಸಜ್ಜನ. ದೊಡ್ಡ ಶಿಕ್ಷೆಯಲ್ಲಿ ಸ್ವಲ್ಪ ಅನ್ಯಾಯ ಇದ್ದೇ ಇರುತ್ತದೆ, ಸಾರ್ವಜನಿಕ ಹಿತ ಅದನ್ನು ತುಂಬಿಕೊಡುತ್ತದೆ ಎಂದು ವಾದಿಸಿದ. ಕೆಲವರು ಕೂತಲ್ಲೇ ಅಯ್ಯೋ ಎಂದರು, ಎದ್ದು ವಿರೋಧಿಸಿದವರಿಲ್ಲ. ಜನ ಕಲ್ಲು, ಪಂಜು ಹಿಡಿದು ಬಂದಾಗ ನೀರೋ ದಾರಿಯುದ್ದಕ್ಕೂ ಸೈನಿಕರನ್ನು ನಿಲ್ಲಿಸಿದ. 400 ಜನರೂ ಸತ್ತರು. ಆ ಮನೆಯಲ್ಲಿದ್ದ ಬಿಡುಗಡೆ ಹೊಂದಿದವರನ್ನೂ ಇಟಲಿಯಿಂದ ಹೊರಗಟ್ಟಬೇಕೆಂದು ಇನ್ನೊಬ್ಬ ಸೆನೆಟರ್ ಸೂಚಿಸಿದಾಗ, ಹಳೆಯ ನಿಯಮದ ಮೇಲೆ ಹೊಸ ಕ್ರೌರ್ಯ ಬೇಡ ಎಂದು ತಡೆದವನು ನೀರೋ. ತಾಯಿಯನ್ನು ಕೊಲ್ಲಿಸಿ ಎರಡು ವರ್ಷವಾಗಿದ್ದ ಅದೇ ನೀರೋ.

ಸೆನೆಟರ್ ಥ್ರೇಸಿಯ ಪೀಟಸ್‌ನ ಹೆಸರು ಹೇಳದೆ ಈ ಮಾತು ಪೂರ್ತಿಯಾಗದು. ತಾಯಿಯ ಕೊಲೆಗಾಗಿ ಸೆನೆಟ್ ನೀರೋನನ್ನು ಅಭಿನಂದಿಸಿದ ದಿನ ಎದ್ದು ಹೊರಗೆ ನಡೆದವನು ಅವನು. ಕ್ರಿ.ಶ. 62ರಲ್ಲಿ ನೀರೋನನ್ನು ಹಂಗಿಸಿ ಪದ್ಯ ಓದಿದ ಒಬ್ಬ ಅಧಿಕಾರಿಗೆ ಮರಣದಂಡನೆ ಎಂದು ಸಭೆ ಹೊರಟಾಗ, ಗಡಿಪಾರು ಸಾಕು ಎಂದು ವಾದಿಸಿದ. ಬಹುಮತ ಅವನ ಹಿಂದೆ ಬಂತು, ನೀರೋ ಮುನಿದರೂ ಒಪ್ಪಿದ, ಒಂದು ಜೀವ ಉಳಿಯಿತು. ಕವಿ ಪ್ರಿಸ್ಕಸ್‌ನದೇ ಪ್ರಕರಣ, ನಲವತ್ತೊಂದು ವರ್ಷದ ಬಳಿಕ. ಸೆನೆಟ್‌ಗೆ ಬೇರೆ ದಾರಿಯೇ ಇರಲಿಲ್ಲ ಎನ್ನುವವರಿಗೆ ನಾನು ಇದನ್ನು ತೋರಿಸುತ್ತೇನೆ. ಕ್ರಿ.ಶ. 66ರಲ್ಲಿ ಥ್ರೇಸಿಯನ ಮೇಲೆಯೇ ಮೊಕದ್ದಮೆ ಬಂತು. ಮೂರು ವರ್ಷದಿಂದ ಸಭೆಗೆ ಬಂದಿಲ್ಲ, ಚಕ್ರವರ್ತಿಯ ಕಂಠಕ್ಕಾಗಿ ಬಲಿ ಕೊಟ್ಟಿಲ್ಲ ಎಂಬವು ಆರೋಪಗಳು. ಅಂದರೆ ಮೌನವೇ ಅಪರಾಧ. ಅವನು ರಕ್ತನಾಳ ಕತ್ತರಿಸಿಕೊಂಡು ಸತ್ತ. ಆರೋಪ ಹೊರಿಸಿದ ಕಾಸುಶಿಯಾನಸ್ ಕ್ಯಾಪಿಟೊ, ಎಪ್ರಿಯಸ್ ಮಾರ್ಸೆಲಸ್ ಇಬ್ಬರಿಗೂ ತಲಾ 50 ಲಕ್ಷ ಸೆಸ್ಟರ್ಸ್ ಬಹುಮಾನ. ಒಬ್ಬ ಸೈನಿಕನ ಒಂದು ವರ್ಷದ ಸಂಬಳ ಆಗ 900 ಸೆಸ್ಟರ್ಸ್. ಒಬ್ಬೊಬ್ಬನಿಗೆ ಸಿಕ್ಕ ಹಣದಲ್ಲಿ ಐದು ಸಾವಿರಕ್ಕೂ ಹೆಚ್ಚು ಸೈನಿಕರಿಗೆ ವರ್ಷದ ಸಂಬಳ ಕೊಡಬಹುದಿತ್ತು.

ನೀರೋ ಸತ್ತ. ಎಪ್ರಿಯಸ್ ಮಾರ್ಸೆಲಸ್ ಏನಾದ? ಒಳ್ಳೆಯ ದೊರೆಯೆಂದು ಹೆಸರಾದ ವೆಸ್ಪೇಶಿಯನ್‌ನ ಕಾಲದಲ್ಲಿ ಏಷ್ಯಾ ಪ್ರಾಂತವನ್ನು ಮೂರು ವರ್ಷ ಆಳಿದ, ಮತ್ತೊಮ್ಮೆ ಕಾನ್ಸಲ್ ಆದ. ಅವನನ್ನು ಕಟಕಟೆಗೆ ತರಲು ಹೆಣಗಿದ ಥ್ರೇಸಿಯನ ಅಳಿಯ ಹೆಲ್ವಿಡಿಯಸ್ ಪ್ರಿಸ್ಕಸ್ ಅದೇ ಒಳ್ಳೆಯ ದೊರೆಯ ಕೈಯಲ್ಲಿ ಗಡಿಪಾರಾಗಿ ಕೊಲೆಯಾದ. ಡೊಮಿಷಿಯನ್‌ನ ಕಾಲದಲ್ಲಿ, ಕ್ರಿ.ಶ. 93ರಲ್ಲಿ, ಈ ಮಾವ ಅಳಿಯಂದಿರ ಜೀವನಚರಿತ್ರೆ ಬರೆದವರನ್ನೂ ಕೊಂದು ಪುಸ್ತಕಗಳನ್ನು ಫೋರಂನಲ್ಲಿ ಸುಟ್ಟರು. ಆಗ ಸೆನೆಟ್‌ನ ಸದಸ್ಯನಾಗಿದ್ದ, ಅದೇ ಡೊಮಿಷಿಯನ್‌ನಿಂದ ಪದವಿಗಳನ್ನು ಪಡೆದಿದ್ದ ಟ್ಯಾಸಿಟಸ್ ಮುಂದೆ ತನ್ನ ಮಾವ ಅಗ್ರಿಕೋಲನ ಚರಿತ್ರೆಯಲ್ಲಿ ತಪ್ಪೊಪ್ಪಿಕೊಂಡಿದ್ದಾನೆ: ಹೆಲ್ವಿಡಿಯಸ್‌ನ ಮಗನನ್ನು ಸೆರೆಮನೆಗೆ ಎಳೆದೊಯ್ದವು ನಮ್ಮದೇ ಕೈಗಳು, ನಿರಪರಾಧಿಯ ರಕ್ತ ನಮ್ಮ ಮೇಲೂ ಸಿಡಿದಿದೆ ಎಂಬ ಅರ್ಥದಲ್ಲಿ. ಅವನನ್ನು ನಾನು ನಂಬುವುದಕ್ಕೆ ಇದು ದೊಡ್ಡ ಕಾರಣ. ದೊರೆಗಳ ಮೇಲೆ ತೀರ್ಪು ಬರೆದವನು ತನ್ನ ಹೆಸರನ್ನೂ ಆರೋಪಿಗಳ ಪಟ್ಟಿಯಿಂದ ತೆಗೆಯಲಿಲ್ಲ.

ವಿದ್ಯಾರ್ಥಿಗಳು ಈ ಕಾಲದ ಬಗ್ಗೆ ಪರೀಕ್ಷೆಗೆ ಟಿಪ್ಪಣಿ ಬರೆಯುವಾಗ ಟೈಬೀರಿಯಸ್, ನೀರೋ ಎಂಬ ಹೆಸರುಗಳ ಜೊತೆ ಲ್ಯಾಟಿಯಾರಿಸ್, ಎಪ್ರಿಯಸ್ ಮಾರ್ಸೆಲಸ್ ಎಂಬ ಹೆಸರುಗಳನ್ನೂ ಬರೆಯಬೇಕೆಂದು ನನ್ನ ಕೋರಿಕೆ. ದೊರೆಗಳು ಹೋದರು, ಕೆಲವು ದೂರುಗಾರರಿಗೆ ಶಿಕ್ಷೆಯೂ ಆಯಿತು. ಚಕ್ರವರ್ತಿ ಟೈಟಸ್ ಅಂಥವರನ್ನು ಫೋರಂನಲ್ಲಿ ಹೊಡೆಸಿ ದ್ವೀಪಗಳಿಗೆ ಅಟ್ಟಿದ. ಚಕ್ರವರ್ತಿ ಟ್ರೇಜನ್ ಹಡಗುಗಳಲ್ಲಿ ತುಂಬಿ ಗಾಳಿಗೆ ಬಿಟ್ಟ. ಆದರೆ ರಾಜದ್ರೋಹದ ಆ ಕಾನೂನನ್ನು ಇವರಲ್ಲಿ ಯಾರೂ ರದ್ದುಮಾಡಲಿಲ್ಲ. ಕ್ರಿ.ಶ. 533ರಲ್ಲಿ ಚಕ್ರವರ್ತಿ ಜಸ್ಟಿನಿಯನ್ ರೋಮಿನ ಕಾನೂನು ಪಂಡಿತರ ಬರಹಗಳನ್ನು ಸಂಗ್ರಹಿಸಿ ‘ಡೈಜೆಸ್ಟ್’ ಹೊರಡಿಸಿದಾಗ ಅದರ 48ನೇ ಪುಸ್ತಕದ 4ನೇ ಪ್ರಕರಣವಾಗಿ ಅದೇ ಕಾನೂನು ಇತ್ತು. ಟೈಬೀರಿಯಸ್ ಸತ್ತು ಆಗ 496 ವರ್ಷವಾಗಿತ್ತು.